ಹಿಲ್ಕಾ ತುಳಿದ ದಾರಿ

ಹಿಲ್ಕಾ ತಿಕ್ಕನೆನ್ ಮೂವತ್ತನಾಲ್ಕು ವರ್ಷ ನಮ್ಮ ಲೆಪೊಲ ಬಡಾವಣೆಗೆ ಸೈಕಲ್ ಮೇಲೆ ಅಂಚೆ ಹಂಚಿದವಳು. ಬೇಸಿಗೆಯಲ್ಲಿ ಮಾಮೂಲಿ ಟೈರು, ಚಳಿಗಾಲದಲ್ಲಿ ಹಿಮದ ಮೇಲೆ ಜಾರದ ಮೊಳೆ ಟೈರು, ಬಾಯಿ ಮಾತ್ರ ವರ್ಷವಿಡೀ ಮೊಳೆಯದೇ. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯ ಯಜಮಾನ ಕಚ್ಚುತ್ತಾನೆ ಎಂಬುದೆಲ್ಲ ಅವಳಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ನಿವೃತ್ತಿಯಾಗಿ ಐದು ವರ್ಷವಾದರೂ ಬೆಳಗ್ಗೆ ಐದಕ್ಕೇ ಏಳುತ್ತಾಳೆ. ಹಂಚಲು ಕಾಗದವಿಲ್ಲವಲ್ಲ, ಅಭಿಪ್ರಾಯ ಹಂಚುತ್ತಾಳೆ.

ಆ ಅಭಿಪ್ರಾಯಗಳಲ್ಲಿ ಮುಖ್ಯವಾದದ್ದು ರಸ್ತೆಗಳ ಬಗ್ಗೆ. "ರಸ್ತೆ ಮಾಡೋರು ಕೂತು ಮಾಡ್ತಾರೆ, ದಾರಿ ಮಾಡೋರು ನಡೆದು ಮಾಡ್ತಾರೆ. ಅದಕ್ಕೇ ರಸ್ತೆ ಎಲ್ಲಾ ಸುತ್ತು, ದಾರಿ ಎಲ್ಲಾ ನೆಟ್ಟಗೆ" ಎನ್ನುವುದು ಅವಳ ಸಿದ್ಧಾಂತ. ಅವಳ ಗಂಡ ಉರ್ಹೊ ಬಸ್ಸಿನ ಚಾಲಕ. ಬಸ್ಸು ನಿಲ್ಲದ ಜಾಗ ಭೂಮಿಯ ಮೇಲೆ ಇಲ್ಲವೆಂದೇ ಅವನ ನಂಬಿಕೆ. ಬಸ್ಸೂ ಸೈಕಲ್ಲೂ ಒಂದೇ ಸೂರಿನಡಿ ಮೂವತ್ತು ವರ್ಷ ಸಂಸಾರ ಮಾಡಿದವು ಎಂದರೆ ಊರಿನವರಿಗೆ ಇವತ್ತಿಗೂ ಬೆರಗು. ಅವನು ಹೋಗಿ ಎಂಟು ವರ್ಷವಾಯಿತು. ಈಗಲೂ ಬಸ್ಸು ಎದುರಾದರೆ ಹಿಲ್ಕಾ ಒಂದು ಬೈಗುಳ ಬೈಯದೆ ಮುಂದೆ ಹೋಗುವುದಿಲ್ಲ. ಅವನ ನೆನಪಾದಾಗಲೆಲ್ಲ ಅವಳು ಮಾಡುವುದು ಅಷ್ಟೇ.

ಲೆಪೊಲದ ನಡುವೆ ಒಂದು ಬಯಲಿದೆ. ಈಚೆ ದಡದಲ್ಲಿ ಅಂಗಡಿ, ಗ್ರಂಥಾಲಯ, ಆರೋಗ್ಯ ಕೇಂದ್ರ ಮತ್ತು ಹಿಲ್ಕಾಳ ಮನೆ. ಆಚೆ ದಡದಲ್ಲಿ ನಾಲ್ಕು ಅಂತಸ್ತಿನ ಹಳೆಯ ಕಟ್ಟಡಗಳು. ಅವುಗಳಲ್ಲಿ ಲಿಫ್ಟ್ ಇರುವ ಒಂದರ ಮೂರನೆಯ ಮಹಡಿಯಲ್ಲಿ ಹಿಲ್ಕಾಳ ಗೆಳತಿ ಸಿಲ್ವಿ. ಬಯಲು ಅಡ್ಡ ದಾಟಿದರೆ ಇನ್ನೂರು ಮೀಟರು. ಆದರೆ ಹಿಂದಿನ ಯಾವುದೋ ಯೋಜನೆಯ ಕಾಲದಲ್ಲಿ ಅಲ್ಲಿ ‘ಇಲ್ಲಿ ದಾರಿಯಿಲ್ಲ’ ಎಂದು ಫಲಕ ನೆಟ್ಟಿದ್ದಾರೆ. ನಮ್ಮ ಜನ ಹಾಕಿದ ಗೆರೆ ದಾಟುವವರಲ್ಲ. ಫಲಕ ನೋಡಿ, ಹೆದ್ದಾರಿಯ ಪಕ್ಕದಲ್ಲಿ ಸುತ್ತಿ, ಅದರ ಕೆಳಗಿನ ಸುರಂಗದೊಳಗೆ ಇಳಿದು ಹತ್ತಿ, ಒಂದು ಕಿಲೋಮೀಟರಿಗೂ ಮೇಲೆ ನಡೆದು ಅಂಗಡಿಗೆ ಬರುತ್ತಾರೆ. ಫಲಕಕ್ಕೆ ಸೊಪ್ಪು ಹಾಕದೆ ಬಯಲಿನಲ್ಲಿ ಸೈಕಲ್ ಓಡಿಸುತ್ತಿದ್ದವಳು ಹಿಲ್ಕಾ ಒಬ್ಬಳೇ. ಅವಳೂ ನಿವೃತ್ತಳಾದ ಮೇಲೆ ಅಲ್ಲಿ ಹುಲ್ಲು ಬೆಳೆಯಿತು.

ಸಿಲ್ವಿಗೆ ಎಪ್ಪತ್ತೊಂಬತ್ತು. ಶಾಲೆಯ ಅಡುಗೆಮನೆಯಲ್ಲಿ ನಲವತ್ತು ವರ್ಷ ದುಡಿದವಳು. ಖಾಲಿ ರಸ್ತೆಯಲ್ಲೂ ಕೆಂಪು ದೀಪ ಹಸಿರಾಗುವವರೆಗೆ ನಿಲ್ಲುವ ಸಾಧ್ವಿ. ಏಪ್ರಿಲ್‌ನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ನಾಲ್ಕು ಗಾಲಿಯ ವಾಕರ್ ಹಿಡಿದು ನಡೆಯಲೂ ಕಲಿತಳು, ಆದರೆ ಸುರಂಗದ ಇಳಿಜಾರು ಅವಳಿಂದಾಗದು. ಅಂಗಡಿಯ ಸಾಮಾನನ್ನೆಲ್ಲ ಹಿಲ್ಕಾ ತಂದುಕೊಡುತ್ತಿದ್ದಳು.

"ಬೇರೆಯವರು ತಂದಿಟ್ಟ ಹಾಲು ಕುಡಿಯೋಕೆ ನಾನೇನು ಬೆಕ್ಕೇನೇ?" ಎಂದು ಸಿಲ್ವಿ ಒಂದು ದಿನ ಸಿಡುಕಿದಳು. ಆಮೇಲೆ ಬಟ್ಟಲು ತಿರುಗಿಸುತ್ತ ಮೆಲ್ಲಗೆ ವಿಷಯ ಹೇಳಿದಳು. ಅವಳ ತಂಗಿಯ ಮಗಳು ತನ್ನ ಊರಿನಲ್ಲಿ ಕೆಳಗೇ ಅಂಗಡಿ ಇರುವ ಮನೆ ನೋಡಿದ್ದಾಳೆ. ರೈಲಿನಲ್ಲಿ ನಾಲ್ಕು ಗಂಟೆಯ ದೂರ. ‘ದೊಡ್ಡಮ್ಮ, ಮನೆಯಿಂದ ಅಂಗಡಿಗೆ ಒಬ್ಬಳೇ ಹೋಗೋಕೆ ಆಗದಿದ್ದರೆ ಅಲ್ಲಿ ಒಬ್ಬಳೇ ಇರೋದು ಹೇಗೆ?’ ಎಂದು ಕೇಳಿದ್ದಾಳೆ. ನವೆಂಬರ್ ಮುಗಿಯುವುದರೊಳಗೆ ಉತ್ತರ ಕೊಡಬೇಕು.

"ಏನಂತ ಹೇಳ್ದೆ?" ಎಂದಳು ಹಿಲ್ಕಾ.

"ಅವಳು ಕೇಳಿದ್ದು ಸರಿಯಾಗೇ ಇದೆಯಲ್ಲೇ. ಏನಂತ ಹೇಳಲಿ?"

ಹಿಲ್ಕಾಳಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಗಂಡ ಸತ್ತಾಗ ಮೂರು ತಿಂಗಳು ದಿನವೂ ಸೂಪು ಮಾಡಿಕೊಂಡು ಬಂದು, ಒಂದು ಮಾತೂ ಆಡದೆ ಎದುರಿಗೆ ಕೂತು ತಿನ್ನಿಸಿದವಳು ಸಿಲ್ವಿ. ಅವಳಿಲ್ಲದ ಲೆಪೊಲವನ್ನು ನೆನೆದು ಹಿಲ್ಕಾ ನಡುರಾತ್ರಿ ಎದ್ದು ಕಿಟಕಿಯಿಂದ ಆಚೆ ದಡದ ದೀಪಗಳನ್ನು ಎಣಿಸಿದಳು.

ಅದೇ ವಾರ ಪುರಸಭೆಯವರು ಶಾಲೆಯ ಊಟದ ಕೋಣೆಯಲ್ಲಿ ಸಭೆ ಕರೆದರು. ಲೆಪೊಲದ ರಸ್ತೆ, ಕಾಲುದಾರಿ, ಸೈಕಲ್ ದಾರಿಗಳ ಸುಧಾರಣೆಗೆ ಹೊಸ ಯೋಜನೆ. ಇದು ತಪ್ಪಿದರೆ ಮುಂದಿನದು ಆರು ವರ್ಷಕ್ಕೆ. ಯೋಜನೆ ಬರೆಯಲು ಬಂದವಳು ಸಾನಾ ಎಂಬ ಮೂವತ್ತರ ಆಸುಪಾಸಿನ ಹುಡುಗಿ. ಗೋಡೆಗೆ ನಕಾಶೆ ಅಂಟಿಸಿದಳು, ತಲೆಗೆ ಮೂರು ಹಸಿರು ಚುಕ್ಕಿ ಹಂಚಿದಳು. ಸುಧಾರಣೆ ಬೇಕಾದ ಕಡೆ ಅಂಟಿಸಿ, ಮಾತಾಡಿ ಎಂದಳು.

ಮಾತಾಡಿ ಎಂದರೆ ನಮ್ಮವರು ಮಾತಾಡುತ್ತಾರೆಯೇ? ಇಪ್ಪತ್ತು ಜನ, ಪ್ರತಿ ಇಬ್ಬರ ನಡುವೆ ಎರಡು ಖಾಲಿ ಕುರ್ಚಿ. ಕಾಫಿ ಕುಡಿದರು, ಏಲಕ್ಕಿ ಬನ್ನು ತಿಂದರು, ತಮ್ಮ ತಮ್ಮ ಬೂಟು ನೋಡಿಕೊಂಡರು. ಚುಕ್ಕಿಗಳನ್ನು ನಾಚಿಕೆಯಿಂದ ಬಟ್ಟಲಿನ ಪಕ್ಕದಲ್ಲೇ ಬಿಟ್ಟು ಎದ್ದರು. ಹಿಲ್ಕಾ ಮೇಜಿನಿಂದ ಮೇಜಿಗೆ ಹೋಗಿ ಅವನ್ನೆಲ್ಲ ಗುಡಿಸಿ ತಂದು, ಬಯಲಿನ ಈ ತುದಿಯಿಂದ ಆ ತುದಿಗೆ ಸಾಲಾಗಿ ಅಂಟಿಸಿಬಿಟ್ಟಳು. ಅರವತ್ತು ಚುಕ್ಕಿ. ನಕಾಶೆಗೆ ದಡಾರ ಎದ್ದ ಹಾಗೆ ಕಂಡಿತು.

"ಒಬ್ಬರಿಗೆ ಮೂರೇ ಚುಕ್ಕಿ ಅಲ್ವಾ?" ಎಂದಳು ಸಾನಾ, ನಗು ತಡೆದುಕೊಂಡು.

"ನಾನು ಅಂಚೆಯವಳು ಕಣಮ್ಮ. ಊರವರದ್ದನ್ನೆಲ್ಲ ನಾನೇ ತಲುಪಿಸಿ ಅಭ್ಯಾಸ."

"ಚುಕ್ಕಿ ಅಂದ್ರೆ ಆಸೆ ಅಷ್ಟೇ. ನನಗೆ ಬೇಕಾಗಿರೋದು ನಡೆಯೋ ಕಾಲು. ಆ ಬಯಲಲ್ಲಿ ಯಾರೂ ನಡೆಯಲ್ಲವಲ್ಲ?"

"ದಾರಿ ಇಲ್ಲ ಅಂತ ಫಲಕ ಹಾಕಿದ್ರೆ ಯಾರು ನಡೀತಾರೆ? ಯಾರೂ ನಡೆಯಲ್ಲ ಅಂತ ನೀವು ದಾರಿ ಮಾಡಲ್ಲ. ಮದುವೆ ಆಗೋವರೆಗೂ ಹುಚ್ಚು ಬಿಡೋದಿಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗೋದಿಲ್ಲ, ಹಾಗಾಯ್ತು ನಿಮ್ಮ ಯೋಜನೆ!"

ಸಾನಾ ಪಾಪ, ಬುದ್ಧಿವಂತೆ. ತಾಳ್ಮೆಯಿಂದ ಹೇಳಿದಳು: "ಮೊದಲ ಹಿಮ ಬಿದ್ದ ದಿನ ನಾನು ಕ್ಯಾಮೆರಾ ಹಿಡಿದು ಬರ್ತೀನಿ. ಜನ ಎಲ್ಲೆಲ್ಲಿ ನಡೆದಿದಾರೆ ಅಂತ ಹೆಜ್ಜೆ ಗುರುತು ನೋಡಿ ದಾರಿ ಬರೀತೀನಿ. ಬಾಯಿ ಸುಳ್ಳು ಹೇಳಬಹುದು, ಹಿಮ ಹೇಳಲ್ಲ."

ಹಿಮ ಹೇಳುವುದಿಲ್ಲವೇ? ಹೇಳಿಸಬೇಕು ಎಂದುಕೊಂಡಳು ಹಿಲ್ಕಾ.

ನವೆಂಬರ್ ಮೂರನೆಯ ಮಂಗಳವಾರ ಹಿಮ ಬಿತ್ತು, ಗೇಣುದ್ದ. ಬೆಳಗಿನ ಆರಕ್ಕೆ, ಇನ್ನೂ ಕತ್ತಲಿರುವಾಗಲೇ, ಹಿಲ್ಕಾ ಹಣೆಗೆ ದೀಪ ಕಟ್ಟಿಕೊಂಡು ಬಯಲಿನಲ್ಲಿದ್ದಳು. ಕೈಚೀಲದಲ್ಲಿ ಐದು ಜೊತೆ ಬೂಟು. ತನ್ನವು ಎರಡು ಜೊತೆ, ಅಂಚೆ ಕೆಲಸದ ಮೊಳೆ ಬೂಟು, ತೋಟದ ರಬ್ಬರ್ ಬೂಟು, ಮೂರು ಕಾಲುಚೀಲದ ಮೇಲೆ ಉರ್ಹೊನ ದೊಡ್ಡ ಬೂಟು. ಒಂದು ಜೊತೆಯಲ್ಲಿ ಆಚೆ, ಇನ್ನೊಂದರಲ್ಲಿ ಈಚೆ. ಒಮ್ಮೆ ದೊಡ್ಡ ಹೆಜ್ಜೆ, ಒಮ್ಮೆ ಪುಟ್ಟ ಹೆಜ್ಜೆ. ಒಂದು ಸುತ್ತಿನಲ್ಲಿ ಸಣ್ಣ ಮಗುವನ್ನು ಕೂರಿಸುವ ಹಿಮದ ಜಾರುಬಂಡಿಯನ್ನೂ ಎಳೆದಳು, ಸಂಸಾರವೊಂದು ಹೋದ ಹಾಗೆ ಕಾಣಲಿ ಎಂದು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸಿಲ್ವಿ.

"ಲೇ, ನಿನಗೇನಾಗಿದೆಯೇ? ಒಂದು ಗಂಟೆಯಿಂದ ಕಿಟಕೀಲಿ ನೋಡ್ತಿದೀನಿ. ಏನಾದ್ರೂ ಕಳಕೊಂಡ್ಯಾ?"

"ಕಳಕೊಳ್ಳಬಾರದು ಅಂತಲೇ ಓಡಾಡ್ತಿರೋದು. ಫೋನ್ ಇಡು, ಈಗ ನಾನು ಉರ್ಹೊ ಆಗಿದೀನಿ."

ಎಂಟೂವರೆಗೆ ಬೆಳಕಾಗುವಷ್ಟರಲ್ಲಿ ಎರಡು ಆಳು ಅಗಲದ ದಾರಿ ಬಯಲಿಗೆ ಅಡ್ಡವಾಗಿ ಅಚ್ಚುಕಟ್ಟಾಗಿ ಮಲಗಿತ್ತು. ಪವಾಡವೆಂದರೆ ನಿಜವಾದ ಜನರೂ ಬರತೊಡಗಿದರು. ಕಟ್ಟಡದಿಂದ ಮಗುವಿನ ಗಾಡಿ ತಳ್ಳಿಕೊಂಡು ಬಂದ ತಾಯಿ ಫಲಕ ನೋಡಿದಳು, ದಾರಿ ನೋಡಿದಳು, ಇಷ್ಟು ಜನ ಹೋಗಿದ್ದಾರಲ್ಲ ಎಂದು ಧೈರ್ಯ ಮಾಡಿ ಬಂದೇಬಿಟ್ಟಳು. ಅವಳ ಹಿಂದೆ ನಾಯಿ ಹಿಡಿದವನೊಬ್ಬ. ಹಿಲ್ಕಾ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಹೋಗಿ ಕಾಫಿಗಿಟ್ಟು, ಸ್ವಲ್ಪ ಕಾಲು ಚಾಚೋಣವೆಂದು ಕುರ್ಚಿಯಲ್ಲಿ ಒರಗಿದಳು. ಅಲ್ಲಿಗೆ ಕೆಟ್ಟಿತು.

ಎಚ್ಚರವಾದಾಗ ಹತ್ತೂವರೆ. ಕಿಟಕಿಯಲ್ಲಿ ನೋಡಿದರೆ ಬಯಲಿನಲ್ಲಿ ಅರ್ಮಸ್.

ಅರ್ಮಸ್ ಎಂಬತ್ತೆರಡರ ನಿವೃತ್ತ ವ್ಯಾಯಾಮ ಮೇಷ್ಟ್ರು. ಮೊದಲ ಹಿಮ ಬಿದ್ದ ದಿನ ಕಾಲಿಗೆ ಸ್ಕೀ ಜಾರುಹಲಗೆ ಕಟ್ಟದಿದ್ದರೆ ಅವನಿಗೆ ಆ ವರ್ಷ ಅಶುಭ. ಸುತ್ತಲೂ ಹುಲ್ಲಿನ ಪೊದೆ ತಲೆಯೆತ್ತಿಕೊಂಡಿರುವಾಗ ನಡುವೆ ಹಾಸಿದಂತೆ ಸಮನಾದ ಪಟ್ಟಿ ಕಂಡರೆ ಬಿಡುತ್ತಾನೆಯೇ? ಹಿಲ್ಕಾಳ ದಾರಿಯ ಮೇಲೆ ಹದಿನಾಲ್ಕು ಸಲ ಹೋಗಿ ಬಂದಿದ್ದ. ಹೆಜ್ಜೆಗಳೆಲ್ಲ ಅಳಿಸಿ, ಎರಡು ನೇರವಾದ ಸ್ಕೀ ಹಳಿಗಳು ಹೊಳೆಯುತ್ತಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆ ಹಳಿಯ ಗತ್ತು ನೋಡಬೇಕು. ನಮ್ಮಲ್ಲಿ ದೇವರನ್ನು ನಂಬದವರಿದ್ದಾರೆ, ಹುಡುಕಿದರೆ ಸೌನಾ ಹಬೆಕೋಣೆಯ ಬಿಸಿ ಸೇರದವರೂ ಒಬ್ಬಿಬ್ಬರು ಸಿಕ್ಕಾರು. ಆದರೆ ಸ್ಕೀ ಹಳಿಯನ್ನು ಬೂಟುಗಾಲಲ್ಲಿ ತುಳಿದೆನೆಂದು ಒಪ್ಪಿಕೊಳ್ಳುವವನು ಹುಟ್ಟಿಲ್ಲ. ಅಂಗಡಿಯಿಂದ ಚೀಲ ಹಿಡಿದು ಬಂದ ಐದಾರು ಜನ ಬಯಲಿನ ಅಂಚಿಗೆ ಬಂದರು, ಹಳಿ ಕಂಡರು, ಗುಡಿಯ ಬಾಗಿಲು ಮುಚ್ಚಿದ್ದು ಕಂಡವರಂತೆ ನಿಂತರು. ಇಬ್ಬರು ಆಗಲೇ ಹೆದ್ದಾರಿಯ ಕಡೆ ತಿರುಗಿದ್ದರು.

ಅವರ ನಡುವೆ ಸಾನಾ, ಸೊಂಟಕ್ಕೆ ಒರಗಿಸಿದ ಸೈಕಲ್, ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಹಾಳೆ. ಹಿಲ್ಕಾ ಕೋಟಿನ ಗುಂಡಿ ಹಾಕುತ್ತ ಓಡಿಬಂದಾಗ ಅವಳು ಬರೆಯುತ್ತಿದ್ದಳು: ಸ್ಕೀ ಹಳಿ. ನಡೆಯುವವರು, ಇಲ್ಲ.

"ಇಲ್ಲ ಅಂತ ಬರೀಬೇಡ್ವೇ ತಾಯಿ! ದಾರಿ ಅದರ ಕೆಳಗಿದೆ!"

"ಕೆಳಗಿರೋದು ನನಗೆ ಕಾಣಲ್ಲವಲ್ಲ."

ಅಷ್ಟರಲ್ಲಿ ಅರ್ಮಸ್ ಜಾರಿಕೊಂಡು ಬಂದು ನಿಂತ. ಮೀಸೆಯ ಮೇಲೆ ಹಿಮ, ಮುಖದಲ್ಲಿ ಹಬ್ಬ. "ಯಾರೋ ಪುಣ್ಯಾತ್ಮರು ರಾತ್ರಿನೇ ನೆಲ ಹದ ಮಾಡಿಟ್ಟಿದ್ರು ನೋಡಿ. ಪುರಸಭೆಯವರೇ ಇರಬೇಕು. ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಒಳ್ಳೆ ಕೆಲಸ!"

"ನಿನ್ನ ಪುಣ್ಯಾತ್ಮೆ ನಾನು ಕಣಯ್ಯ! ನನ್ನ ಬೆಳಗೆಲ್ಲಾ ಉಜ್ಜಿ ಹಾಕಿದ್ಯಲ್ಲೋ!"

"ನೀನಾ? ಬಹಳ ಉಪಕಾರ ಆಯ್ತು ಹಿಲ್ಕಾ" ಎಂದು ಅರ್ಮಸ್ ಮನಸಾರೆ ಹೇಳಿ, ಮತ್ತೊಂದು ಸುತ್ತಿಗೆ ಹೊರಟೇಬಿಟ್ಟ.

ಸಾನಾ ಹಾಳೆಯಿಂದ ತಲೆಯೆತ್ತಿದಳು. "ಇದು ನಡೆಯೋ ದಾರಿನೇ ಆಗಿದ್ರೆ ನೀವೇ ನಡೆದು ತೋರಿಸಿ. ಬರೀತೀನಿ."

ಅದೆಷ್ಟರ ಮಾತು! ಹಿಲ್ಕಾ ಬಲಗಾಲು ಎತ್ತಿದಳು. ಎತ್ತಿದ ಕಾಲು ಅಲ್ಲೇ ನಿಂತಿತು. ಏಳು ವರ್ಷದವಳಿದ್ದಾಗ ಒಮ್ಮೆ ಹಳಿ ತುಳಿದಿದ್ದಕ್ಕೆ ಅಪ್ಪ ಬೈದಿರಲಿಲ್ಲ, ಹೊಡೆದಿರಲಿಲ್ಲ. ಮೊಣಕಾಲೂರಿ ಬರಿಗೈಯಲ್ಲಿ ಆ ಗುಂಡಿಯನ್ನು ತುಂಬಿ ಸವರಿ, ಎದ್ದು ಹೋಗಿದ್ದ. ಫಲಕ, ಪುರಸಭೆ, ಪೋಸ್ಟ್‌ಮಾಸ್ಟರು ಯಾರಿಗೂ ಕ್ಯಾರೇ ಎನ್ನದ ಹೆಂಗಸು ಎರಡು ಬೆರಳಗಲದ ಗೀರಿನ ಮುಂದೆ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತಳು. ಸಾನಾ ಕೂಡ ತನ್ನ ಬೂಟನ್ನು ಹಳಿಯಿಂದ ಒಂದು ಮೊಳ ದೂರವೇ ಇಟ್ಟುಕೊಂಡಿದ್ದನ್ನು ಹಿಲ್ಕಾ ಕಂಡಳು, ಆದರೆ ಅದರಿಂದ ಏನು ಬಂತು? ಕಾಲು ಕೆಳಗಿಳಿಯಲಿಲ್ಲ. ಸಿಲ್ವಿಯ ಮನೆ ಈ ಗೀರಿನಲ್ಲಿ ಹೋಯಿತು ಎಂದು ಅವಳಿಗೆ ಅಳು ಬಂತು.

"ಅಯ್ಯೋ, ಅಲ್ಲಿ ನೋಡಿ!" ಎಂದರು ಯಾರೋ.

ಬಯಲಿನ ಆಚೆ ತುದಿಯಲ್ಲಿ ನೀಲಿ ಟೋಪಿ, ಅದರ ಮುಂದೆ ವಾಕರ್. ಸಿಲ್ವಿ. ‘ಇಲ್ಲಿ ದಾರಿಯಿಲ್ಲ’ ಫಲಕವನ್ನು ದಾಟಿ, ನೇರವಾಗಿ ಸ್ಕೀ ಹಳಿಯ ಮೇಲೆ. ನಾಲ್ಕು ಗಾಲಿ, ಎರಡು ಕಾಲು, ಬಂದ ಕಡೆಯೆಲ್ಲ ಹಳಿ ನುಚ್ಚುನೂರು.

ಎದುರಿನಿಂದ ಅರ್ಮಸ್ ರಭಸದಲ್ಲಿ ಹೋಗುತ್ತಿದ್ದ. ಹಳಿಯ ಮೇಲೆ ಅಡ್ಡ ಬಂದವರಿಗೆ ಸ್ಕೀಯವನು ಕೂಗುವ ಕೂಗು ಒಂದಿದೆ. ಅದು ಕಿವಿಗೆ ಬಿದ್ದರೆ ನಮ್ಮವರು ಹಿಂದೆ ಮುಂದೆ ನೋಡದೆ ಪಕ್ಕಕ್ಕೆ ಹಾರುತ್ತಾರೆ, ಮೂರು ವರ್ಷದ ಮಗುವೂ ಅಷ್ಟೇ, ಮಂತ್ರಿಯೂ ಅಷ್ಟೇ.

"ಹಳಿ ಬಿಡಿ!" ಎಂದು ಕೂಗಿದ ಅರ್ಮಸ್.

ಸಿಲ್ವಿ ಹಾರಲಿಲ್ಲ. ಹಾರಲು ಅವಳಿಗೆ ಸೊಂಟವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ನಿಂತು ಉಸಿರು ತೆಗೆದುಕೊಂಡಳು. ಆಮೇಲೆ, ತಟ್ಟೆ ಖಾಲಿ ಮಾಡದೆ ಎದ್ದ ಮಕ್ಕಳನ್ನೂ ಮೇಷ್ಟ್ರುಗಳನ್ನೂ ನಲವತ್ತು ವರ್ಷ ವಾಪಸ್ ಕೂರಿಸಿದ ದನಿಯನ್ನು ಹೊರತೆಗೆದಳು.

"ಹಳಿ ಬಿಡೋ ಅರ್ಮಸ್!"

ಅರ್ಮಸ್‌ನ ತಲೆ ಏನು ಹೇಳಿತೋ ಗೊತ್ತಿಲ್ಲ, ಕಾಲುಗಳು ಎಂಬತ್ತು ವರ್ಷದ ಅಭ್ಯಾಸದಂತೆ ಪಕ್ಕಕ್ಕೆ ಸರಿದವು. ಹುಲ್ಲಿನ ಪೊದೆಯ ನಡುವೆ ಅವನು ದೊಪ್ಪನೆ ಕೂತ. ಸಿಲ್ವಿ ತಲೆಬಾಗಿಸಿ ವಂದಿಸಿ ಮುಂದೆ ಬಂದಳು.

ನಾಲ್ಕು ಹೆಜ್ಜೆ ಬಂದಿರಬೇಕು, ಮುಂದಿನ ಗಾಲಿ ಹಳಿಯ ಗೀರಿನಲ್ಲಿ ಸಿಕ್ಕಿಕೊಂಡು ವಾಕರ್ ವಾಲಿತು. ಸಿಲ್ವಿಯ ಮೈ ಅದರ ಜೊತೆಗೇ ವಾಲಿತು. ಹಿಲ್ಕಾ ಓಡಿದಳು. ಎಲ್ಲಿ ಕಾಲಿಟ್ಟಳು, ಯಾವ ಹಳಿ ಪುಡಿಯಾಯಿತು, ಒಂದೂ ಅವಳಿಗೆ ತಿಳಿಯಲಿಲ್ಲ. ಹತ್ತಿರ ಬಂದು ಎರಡೂ ಕೈ ಚಾಚಿದಳು.

"ಮುಟ್ಟಬೇಡ" ಎಂದಳು ಸಿಲ್ವಿ. ಮುಖ ಬಿಳಿಚಿಕೊಂಡಿತ್ತು, ಮೂಗು ಸೋರುತ್ತಿತ್ತು. "ಮುಟ್ಟಿದ್ರೆ ಒಬ್ಬಳೇ ಬಂದ ಹಾಗೆ ಆಗಲ್ಲ."

"ಬಿದ್ರೆ?"

"ಬಿದ್ರೆ ಎತ್ತು. ಅಲ್ಲೀವರೆಗೂ ಕೈ ಹಿಂದೆ ಕಟ್ಕೋ. ಬಾಯೂ ಮುಚ್ಕೋ."

ಜೀವಮಾನದಲ್ಲಿ ಹಿಲ್ಕಾ ಮಾಡಿದ ಅತಿ ಕಷ್ಟದ ಕೆಲಸ ಅದು. ಕೈ ಹಿಂದೆ ಕಟ್ಟಿ, ತುಟಿ ಬಿಗಿದು, ಗೆಳತಿಯ ಮುಖವನ್ನೇ ನೋಡುತ್ತ ಹಿಮ್ಮುಖವಾಗಿ ಹೆಜ್ಜೆ ಹೆಜ್ಜೆಗೂ ಹಳಿಯನ್ನು ತುಳಿಯುತ್ತ ನಡೆದಳು. ಸಿಲ್ವಿ ಗಾಲಿಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಬಿಡಿಸಿಕೊಂಡು, ಐದು ಹೆಜ್ಜೆಗೊಮ್ಮೆ ನಿಂತು ಬಂದಳು. ಅಂಚಿನಲ್ಲಿ ನಿಂತವರು ಯಾರೂ ಚಪ್ಪಾಳೆ ತಟ್ಟಲಿಲ್ಲ, ನಮ್ಮವರು ಅದೆಲ್ಲ ಮಾಡುವುದಿಲ್ಲ. ಒಬ್ಬಾತ ಮಾತ್ರ ಟೋಪಿ ತೆಗೆದ.

"ಇಪ್ಪತ್ತೆರಡು ನಿಮಿಷ" ಎಂದಳು ಸಾನಾ, ಗಡಿಯಾರ ನೋಡಿ. "ಸುತ್ತಿನ ದಾರೀಲಿ ಎಷ್ಟಾಗುತ್ತೆ?"

"ಏಪ್ರಿಲ್‌ನಿಂದ ಅಂಗಡಿ ಮುಖ ನೋಡಿಲ್ಲಮ್ಮ ನಾನು. ಎಷ್ಟಾಗುತ್ತೋ ಯಾರಿಗೆ ಗೊತ್ತು."

ಸಾನಾ ‘ಇಲ್ಲ’ ಎಂಬುದನ್ನು ಹೊಡೆದುಹಾಕಿ ‘ಒಬ್ಬರು’ ಎಂದು ಬರೆದಳು.

ಬಾಯಿಗೆ ಹಾಕಿದ್ದ ಬೀಗವನ್ನು ಹಿಲ್ಕಾ ಇನ್ನು ಹಿಡಿದಿಡಲಾರದಾದಳು. "ಒಬ್ಬರೇ? ಬೆಳಗ್ಗೆ ನಲವತ್ತು ಜನ ಓಡಾಡಿದ್ರಲ್ಲಮ್ಮ!"

"ಅಂಚಲ್ಲಿ ಉಳಿದ ಗುರುತು ನೋಡ್ದೆ. ಐದು ಥರದ ಬೂಟು. ಐದರಲ್ಲೂ ಎಡಗಾಲು ಒಳಕ್ಕೆ ತಿರುಗಿದೆ." ಎಲ್ಲರೂ ಹಿಲ್ಕಾಳ ಎಡಗಾಲು ನೋಡಿದರು. ಹಿಲ್ಕಾಳೂ ನೋಡಿಕೊಂಡಳು, ಅದು ತನ್ನದಲ್ಲವೆಂಬಂತೆ. "ಆ ನಲವತ್ತು ಜನರನ್ನ ನಾನು ಬರೆಯೋಕಾಗಲ್ಲ. ಇವರನ್ನ ಬರೀತೀನಿ. ಒಬ್ಬರು ಹೀಗೆ ಬರ್ತಾರೆ ಅಂದ್ರೆ ಕಿಟಕೀಲಿ ಕೂತು ಸುಮ್ಮನಾದೋರು ಇನ್ನೂ ಇದಾರೆ ಅಂತ ಅರ್ಥ. ಈ ಚಳಿಗಾಲಕ್ಕೆ ಹಿಮ ತಳ್ಳೋ ಟ್ರ್ಯಾಕ್ಟರಿಗೆ ಇಲ್ಲಿಗೂ ಬಾ ಅಂತ ಹೇಳ್ತೀನಿ. ಬೇಸಿಗೇಲಿ ಜಲ್ಲಿ, ದೀಪ, ನಡುವೆ ಕೂರೋಕೆ ಒಂದು ಬೆಂಚು."

"ಮತ್ತೆ ನನ್ನ ಹಳಿ?" ಎಂದ ಅರ್ಮಸ್, ಪ್ಯಾಂಟಿನ ಹಿಮ ಕೊಡವುತ್ತ.

"ಪಕ್ಕದಲ್ಲಿ ಜಾಗ ಬಿಡಿಸ್ತೀನಿ ಮೇಷ್ಟ್ರೇ."

ಸಿಲ್ವಿ ಅಂಗಡಿಯಲ್ಲಿ ಅರ್ಧ ಗಂಟೆ ಸುತ್ತಿದಳು. ಒಂದೊಂದು ಟೊಮೆಟೊವನ್ನೂ ಹಿಚುಕಿ ನೋಡಿದಳು. ಆಮೇಲೆ ಹಿಲ್ಕಾಳ ಅಡುಗೆಮನೆಯಲ್ಲಿ ಕೂತು, ಒದ್ದೆ ಕಾಲುಚೀಲ ಬಿಚ್ಚಿ ಒಣಗಲು ಹಾಕಿ, ತಂಗಿಯ ಮಗಳಿಗೆ ಫೋನು ಮಾಡಿದಳು. ಹಿಲ್ಕಾ ಒಲೆಯ ಕಡೆ ತಿರುಗಿ ನಿಂತಿದ್ದಳು, ಕಿವಿ ಮಾತ್ರ ಮೇಜಿನ ಕಡೆಗಿತ್ತು.

"ಆ ಮನೆ ಬೇಡ ಕಣಮ್ಮ, ಬೇರೆ ಯಾರಿಗಾದ್ರೂ ಆಗಲಿ… ಇಲ್ಲ, ಬಿದ್ದಿಲ್ಲ… ಒಬ್ಬಳೇ ಬಂದೆ. ಹೌದು, ಒಬ್ಬಳೇ… ಹಿಲ್ಕಾನಾ? ಅವಳು ಸುಮ್ಮನೆ ಜೊತೇಲಿದ್ಲು… ಅದು ನೋಡೋಣ, ಇಡ್ತೀನಿ."

ಹಿಲ್ಕಾ ಸೆರಗಿಲ್ಲದ ದೇಶದ ಹೆಂಗಸು, ಒಲೆಯ ಒರೆಸು ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡಳು. "ಕೊನೇಲಿ ಏನು ಕೇಳಿದ್ಲು ಅವಳು?"

"ಇನ್ನೂ ಎಷ್ಟು ವರ್ಷ ಅಲ್ಲೇ ಇರ್ತೀಯ ದೊಡ್ಡಮ್ಮ ಅಂದ್ಲು." ಸಿಲ್ವಿ ಸಕ್ಕರೆಯ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ದಾರಿ ಮಾಡಿಸಿಕೊಂಡ ಮೇಲೆ ಅದನ್ನ ಸವೆಸೋದು ಬೇಡ್ವೇನೇ ಹಿಲ್ಕಾ?"